ಮಣೆಯ ಮೇಲಿನ ಜಾಗ

ಬಬಲೇಶ್ವರದ ನಿರ್ಮಲಾ ವರ್ಷದಲ್ಲಿ ಹನ್ನೊಂದು ತಿಂಗಳು ಸೊಸೆ, ಒಂದು ತಿಂಗಳು ಮಹಾರಾಣಿ. ಆ ಒಂದು ತಿಂಗಳು ಮೇ. ಬಿಸಿಲು ನೆತ್ತಿ ಸುಡತೊಡಗಿ, ಮಕ್ಕಳು ಮನೆಯಲ್ಲಿ ಕುಣಿದು ಅತ್ತೆಯ ತಲೆ ತಿನ್ನತೊಡಗಿದರೆ ಸಾಕು, ಚೀಲ ಕಟ್ಟಿಕೊಂಡು ಹೊನವಾಡದ ತವರಿಗೆ ಹೊರಟುಬಿಡುವಳು.

ತವರಿನಲ್ಲಿ ಅವಳಿಗೊಂದು ಸಿಂಹಾಸನವಿತ್ತು. ಅಜ್ಜಿಯ ಕಾಲದ ಸಾಗವಾನಿ ಹಲಗೆ, ಮೈತುಂಬ ಸಣ್ಣ ಗೀರು; ಶ್ಯಾವಿಗೆ ಹೊಸೆಯುವ ಮಣೆ. ಅದರ ಒಂದು ತುದಿಯನ್ನು ಹಗ್ಗದ ಹೊರಸಿನ ಮೇಲೆ ಏರಿಸಿ, ಇನ್ನೊಂದು ತುದಿಯನ್ನು ಕೆಳಕ್ಕೆ ಇಳಿಬಿಡುತ್ತಾರೆ. ಮೇಲೆ ಕುಳಿತವಳು ಕಣಕವನ್ನು ಅಂಗೈಯಿಂದ ಹೊಸೆದರೆ ಎಳೆ ಗೀರುಗುಂಟ ಜಾರಿ ಕೆಳಗೆ ಕುಳಿತವಳ ಕೈಗೆ ಬರುತ್ತದೆ. ಅವಳು ಅದನ್ನು ಕೋಲಿಗೆ ಹಾಕಿ ಒಣಗಿಸುತ್ತಾಳೆ. ಕೆಳಗೆ ಯಾರು ಬೇಕಾದರೂ ಕೂಡಬಹುದು. ಮೇಲೆ ಕೂಡುವುದಕ್ಕೆ ಕೈ ಬೇಕು. ಹದಿನಾಲ್ಕನೆಯ ವಯಸ್ಸಿನಿಂದ ಇಪ್ಪತ್ತೆರಡು ಬೇಸಿಗೆ ಅಲ್ಲಿ ಕುಳಿತವಳು ನಿರ್ಮಲಾ ಒಬ್ಬಳೇ. ಮಗಳಿಗೆ ಹಲಗೆ ಒತ್ತಬಾರದೆಂದು ಅವ್ವ ಶಂಕ್ರೆವ್ವ ಅವಳ ಹಳೆಯ ಲಂಗಗಳನ್ನೇ ಕತ್ತರಿಸಿ ಒಂದು ಪುಟ್ಟ ಕೌದಿ ಹೊಲಿದಿದ್ದಳು. ವರ್ಷವಿಡೀ ಅದು ಟ್ರಂಕಿನಲ್ಲಿದ್ದು ಮೇ ತಿಂಗಳಲ್ಲಿ ಮಾತ್ರ ಹೊರಗೆ ಬರುತ್ತಿತ್ತು.

ಈ ವರ್ಷ ಅತ್ತೆಗೆ ಜ್ವರ ಬಂದು ನಿರ್ಮಲಾ ಹೊರಡುವುದು ನಾಲ್ಕು ದಿನ ತಡವಾಯಿತು. ವಿಜಯಪುರದಲ್ಲಿ ಇಳಿದು, ಸಿದ್ಧೇಶ್ವರ ಗುಡಿಯ ಹತ್ತಿರ ಜಗಳಾಡಿ ಎರಡು ಡಜನ್ ಮಾವಿನಹಣ್ಣು ಕೊಂಡು, ಮಕ್ಕಳಿಬ್ಬರನ್ನೂ ಎಳೆದುಕೊಂಡು ಟಿಕೋಟಾ ಕಡೆಯ ಬಸ್ಸು ಹತ್ತಿದಳು. ಪಕ್ಕದಲ್ಲಿ ಕುಳಿತ ಹೆಂಗಸು ಯಾವ ಊರು, ಎಲ್ಲಿಗೆ ಎಂದು ಕೇಳಿದ್ದೇ ತಡ, ಇವಳ ಬಾಯಿ ಬಿಚ್ಚಿಕೊಂಡಿತು.

"ತವರಮನಿಗಿ ಹೊಂಟೇನ್ರಿ. ನಾ ಹೋಗೂತನಕಾ ನಮ್ಮ ಮನ್ಯಾಗ ಶ್ಯಾವಿಗಿ ಮಣಿ ಇಳಸಂಗಿಲ್ರಿ. ನನ್ನ ಕೈಯಾಗಿನ ಎಳಿ ಬ್ಯಾರೇ ಯಾರ ಕೈಯಾಗೂ ಬರಂಗಿಲ್ಲ."

ಪಾಪ, ಟಿಕೋಟಾ ಬರುವವರೆಗೂ ಆ ಹೆಂಗಸು ತಲೆಯಾಡಿಸುತ್ತಲೇ ಇದ್ದಳು.

ಹೊನವಾಡದಲ್ಲಿ ಇಳಿದು ತೋಟದ ಮನೆಯ ಹಾದಿ ಹಿಡಿದಾಗಲೇ ಬೇವಿನ ಮರದ ಕೆಳಗಿನ ನಗು ಕೇಳಿಸಿತು. ಅಂಗಳದ ತುಂಬ ನೆಂಟರು. ಗಂಡಸರು ಜಮಖಾನೆಯ ಮೇಲೆ ಉರುಳಿಕೊಂಡು ಮಜ್ಜಿಗೆ ಕುಡಿಯುತ್ತಿದ್ದರು. ಹುಡುಗರು ಬಾವಿಯಲ್ಲಿ ಈಜಿ ಬಂದು ಒದ್ದೆ ಚಡ್ಡಿಯಲ್ಲೇ ಒಣದ್ರಾಕ್ಷಿ ಮುಕ್ಕುತ್ತಿದ್ದರು. ನಿರ್ಮಲಾಳ ಮಕ್ಕಳು ಚಪ್ಪಲಿ ಎಲ್ಲೆಂದರಲ್ಲಿ ಒಗೆದು ಅವರ ನಡುವೆ ಮಾಯವಾದರು. ಟಿಕೋಟಾದ ಚಿಗವ್ವ ಚಂದ್ರಾಬಾಯಿ ಎಲೆಯಡಿಕೆ ಜಗಿಯುತ್ತ ಯಾರನ್ನೋ ಕಾಡಿಸುತ್ತಿದ್ದಳು. ನೆರಳಿನಲ್ಲಿ ಮಣೆ ಇಳಿದಿತ್ತು. ಮಣೆಯ ಮೇಲೆ, ಆ ಲಂಗದ ಕೌದಿಯ ಮೇಲೆ, ತಮ್ಮ ಶ್ರೀಮಂತನ ಹೆಂಡತಿ ವಿಜಯಲಕ್ಷ್ಮೀ ಕುಳಿತಿದ್ದಳು.

ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯ ಹುಡುಗಿ. ನಾಲ್ಕು ವರ್ಷದ ಹಿಂದೆ ಮದುವೆಯಾಗಿ ಬಂದಾಗ ಮಣೆಯನ್ನು ನೋಡಿ, "ಇದು ಇಸ್ತ್ರಿ ಮಾಡೂದೇನ್ರಿ?" ಎಂದು ಕೇಳಿದವಳು. ಈಗ ಅವಳ ಅಂಗೈಯ ಕೆಳಗಿನಿಂದ ಎಳೆ ಇಳಿಯುತ್ತಿತ್ತು, ಕಡಿಯದೆ, ದಪ್ಪವಾಗದೆ. ಕೋಲುಗಳ ಮೇಲೆ ಆಗಲೇ ಹತ್ತಾರು ಹಾಸು ಶ್ಯಾವಿಗೆ ಒಣಗುತ್ತಿದ್ದವು. ನಿರ್ಮಲಾ ಹೋಗಿ ಒಂದು ಎಳೆಯನ್ನು ಬೆರಳಲ್ಲಿ ಹಿಡಿದು ನೋಡಿದಳು. ತಪ್ಪು ಹುಡುಕಲಿಕ್ಕೆ ಜಾಗವಿರಲಿಲ್ಲ. ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತು.

"ಬಂದ್ಯಾ ನಿಮ್ಮಿ?" ಎಂದು ಶಂಕ್ರೆವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಮಾಡ ಆಗಾಕತ್ತಿತ್ತವಾ. ಮಳಿ ಬಂದ್ರ ಒಣಗಂಗಿಲ್ಲಂತ ನಿನ್ನಿ ಮುಂಜಾನಿಂದನ ಚಾಲೂ ಮಾಡೇವಿ."

"ಮಾಡ್ರಿ, ಮಾಡ್ರಿ. ನಾ ಬರೂತನಕಾ ಯಾಕ ಕಾಯ್ತೀರಿ? ನಾ ಯಾರು?"

"ಬಂದಾಕಿನ ಜಗಳಕ್ಕ ನಿಂತಿ ನೋಡು," ಎಂದು ಅವ್ವ ನಕ್ಕುಬಿಟ್ಟಳು. ಆ ನಗುವೂ ಚುಚ್ಚಿತು.

ಚಂದ್ರಾಬಾಯಿ ಬಿಡುವ ಪೈಕಿಯಲ್ಲ. "ನಿರ್ಮಲಾ, ನಿನ್ನ ಕುರ್ಚಿ ಹೋತಲ್ಲಬೇ! ನಿನಗಿಂತಾ ಒಂದ ಎಳಿ ಸಣ್ಣ ಹೊಸ್ಯಾಕತ್ತಾಳ ಈಕಿ."

ಅಂಗಳವೆಲ್ಲ ನಕ್ಕಿತು. ನಿರ್ಮಲಾ ಕೂಡ ನಕ್ಕಳು, ನಗದಿದ್ದರೆ ಗೊತ್ತಾಗುತ್ತದಲ್ಲ ಎಂದು.

ವಿಜಯಲಕ್ಷ್ಮೀ ಅರ್ಧ ಎದ್ದಳು. "ಬರ್ರಿ ಅಕ್ಕಾರ, ನೀವು ಕುಂದರ್ರಿ."

"ಬ್ಯಾಡ ಬ್ಯಾಡ, ಕುಂದರು. ನಂದೇನೈತಿ?"

ಕರೆದ ಮೇಲೆ ಬೇಡ ಎನ್ನುವುದು ರೂಢಿ. ಎರಡನೆಯ ಸಲ ಕರೆಯುವುದೂ ರೂಢಿ. ಆದರೆ ವಿಜಯಲಕ್ಷ್ಮೀ ಎರಡನೆಯ ಸಲ ಕರೆಯಲಿಲ್ಲ. ಕೂತೇಬಿಟ್ಟಳು. ಇದನ್ನು ನಿರ್ಮಲಾ ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡಳು.

"ಬಿಸಲಾಗ ಬಂದೀದಿ, ನೀ ಏನೂ ಮಾಡಬ್ಯಾಡ," ಎಂದಳು ಅವ್ವ. "ಕಣಕದ ಮುಂದ ಕುಂದರು. ಅರಿವಿ ಒಣಗಿದಂಗ ನೀರು ಚಿಮುಕಸು, ಅಷ್ಟ ಸಾಕು."

ದೊಡ್ಡ ಬೋಗುಣಿಯಲ್ಲಿ ಬೆಳಗಿನಿಂದ ನಾದಿ, ಕುಟ್ಟಿ ಹದಮಾಡಿದ ಕಣಕ. ಮೇಲೆ, ಕಣಕ ಒಣಗದಂತೆ ಹೊದಿಸಿದ ಒದ್ದೆ ಅರಿವೆ. ಪಕ್ಕದಲ್ಲಿ ಒಂದು ತಂಬಿಗೆ ನೀರು. ಎಂಟು ವರ್ಷದ ಹುಡುಗಿಗೆ ಹೇಳುವ ಕೆಲಸ ಅದು. ಇಪ್ಪತ್ತೆರಡು ಬೇಸಿಗೆಯ ಮಹಾರಾಣಿ ತಂಬಿಗೆಯ ಮುಂದೆ ಕುಳಿತಳು.

ಗಾಳಿ ಬಿಸಿಯಾಗಿ ಬೀಸುತ್ತಿತ್ತು. "ಎಷ್ಟ ಚಂದ ಕಲ್ತಾಳ ನೋಡ್ರಿ," "ಪಟ್ಟಣದಾಕಿ ಅನ್ನಂಗಿಲ್ಲ," ಎಂಬ ಮಾತುಗಳು ನಿರ್ಮಲಾಳ ತಲೆಯ ಮೇಲಿಂದಲೇ ಹಾದುಹೋಗುತ್ತಿದ್ದವು. ಅರಿವೆಯ ಅಂಚು ಮೊದಲು ಬೆಳ್ಳಗಾಯಿತು. ಅವಳು ನೋಡಿದಳು. ಆಮೇಲೆ ನಡುಭಾಗ ಒಣಗಿತು. ಅದನ್ನೂ ನೋಡಿದಳು. ಕೈ ತಂಬಿಗೆಯ ಕಡೆ ಹೋಗಲಿಲ್ಲ. ನಾನೇನೂ ಕೆಡಿಸಲಿಲ್ಲ, ಸುಮ್ಮನೆ ಕುಳಿತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಸುಮ್ಮನೆ ಕುಳಿತು ಇಷ್ಟು ಕೆಲಸ ಮಾಡಬಹುದೆಂದು ಅವಳಿಗೂ ಅಂದೇ ಗೊತ್ತಾದದ್ದು.

ಅರ್ಧ ತಾಸಿನ ಮೇಲೆ ಶಂಕ್ರೆವ್ವ ನೆಂಟರ ಜೊತೆ ಮಾತಾಡುತ್ತಲೇ, ಅರಿವೆಯ ಕಡೆ ನೋಡದೆ ಹೊಸ ಉಂಡೆ ತೆಗೆದುಕೊಟ್ಟಳು. ವಿಜಯಲಕ್ಷ್ಮೀ ಹೊಸೆದಳು. ಎಳೆ ಗೇಣು ಇಳಿದು ಪಟ್ಟನೆ ಕಡಿಯಿತು. ಮತ್ತೆ ಹೊಸೆದಳು, ಮತ್ತೆ ಕಡಿಯಿತು. ಕೈಗೆ ಎಣ್ಣೆ ಹಚ್ಚಿಕೊಂಡಳು, ಜಾಗ ಬದಲಿಸಿ ಕುಳಿತಳು, ಹಣೆ ಬೆವೆತಿತು. ಮಣೆಯ ಮೇಲೆ ತುಂಡುಗಳು ಬಿದ್ದವು. ಹುಡುಗರು ಅವನ್ನು ಆಯ್ದು ಹಸಿಯಾಗಿಯೇ ತಿಂದರು. ನಿರ್ಮಲಾಳ ಎದೆಗೆ ತಂಪು ಗಾಳಿ ಸೋಕಿದಂತಾಯಿತು.

"ದಣದೀದಿ, ಏಳವಾ. ನಿರ್ಮಲಾ, ನೀ ಬಾ," ಎಂದಳು ಚಂದ್ರಾಬಾಯಿ.

ನಿರ್ಮಲಾ ಬಳೆ ಹಿಂದಕ್ಕೆ ಸರಿಸಿಕೊಂಡು, ಕೌದಿಯನ್ನು ಎರಡು ಸಲ ಕೊಡವಿ ಹಾಸಿ ಕುಳಿತಳು. ಎಲ್ಲರೂ ಮಾತು ನಿಲ್ಲಿಸಿ ನೋಡಿದರು. ಅಂಗೈಯಿಟ್ಟು ಹೊಸೆದಳು.

ಕಡಿಯಿತು.

ಮುನಿಸಿನ ಭರದಲ್ಲಿ ಅವಳು ಒಂದು ಸಣ್ಣ ಸಂಗತಿ ಮರೆತಿದ್ದಳು: ಒಣಗಿದ ಕಣಕಕ್ಕೆ ಅತ್ತಿಗೆ ನಾದಿನಿ ಎಂಬ ಭೇದವಿಲ್ಲ. ಐದು ಸಲ ಹೊಸೆದಳು, ಐದು ಸಲವೂ ಕಡಿಯಿತು. ತಮ್ಮ ಶ್ರೀಮಂತ ಜಮಖಾನೆಯಿಂದಲೇ, "ಅಕ್ಕಾ, ನಿನಗೂ ವಯಸ್ಸಾತ ಬಿಡು," ಎಂದ. ಅಂಗಳ ಮತ್ತೆ ನಕ್ಕಿತು. ಈ ಸಲ ನಿರ್ಮಲಾಳಿಗೆ ನಗಲಾಗಲಿಲ್ಲ.

ಶಂಕ್ರೆವ್ವ ಬೋಗುಣಿಯ ಹತ್ತಿರ ಹೋದಳು. ಅರಿವೆ ಎತ್ತಿದಳು, ಹಪ್ಪಳದಂತೆ ಸೆಟೆದಿತ್ತು. ಕಣಕದ ಮೇಲೆ ಬೆರಳಾಡಿಸಿದಳು. ಆಮೇಲೆ ತಂಬಿಗೆ ನೋಡಿದಳು. ತುಂಬಿಟ್ಟದ್ದು ತುಂಬಿದಂತೆಯೇ ಇತ್ತು. ಆ ನೀರನ್ನು ನಿಂತಲ್ಲೇ ಗಟಗಟ ಕುಡಿದು, "ಇವತ್ತಿಗಿ ಸಾಕು. ನಾಳಿಗಿ ಹೊಸಾ ಕಣಕಾ ಕಲಸೂಣು," ಎಂದಷ್ಟೇ ಹೇಳಿ ಒಳಗೆ ನಡೆದಳು. ಮಗಳ ಮುಖ ನೋಡಲಿಲ್ಲ.

ಸಂಜೆ ನಿರ್ಮಲಾ ಬಾವಿಕಟ್ಟೆಯ ಹತ್ತಿರ ಬೋಗುಣಿ ತಿಕ್ಕುತ್ತಿದ್ದಾಗ ವಿಜಯಲಕ್ಷ್ಮೀ ಬಂದು ಪಕ್ಕದಲ್ಲಿ ಕುಳಿತಳು.

"ಅಕ್ಕಾರ, ಒಂದ ಮಾತು ಹೇಳ್ಲೇನ್ರಿ? ಸಿಟ್ಟಾಗಬಾರದು."

"ಹೇಳು."

"ನಾ ಬಂದಾಗಿಂದ ಮನ್ಯಾಗ ಒಂದ ಮಾತು. ಶ್ಯಾವಿಗಿ ಅಂದ್ರ ನಿಮ್ಮಿ, ನಿಮ್ಮಿ ಅಂದ್ರ ಶ್ಯಾವಿಗಿ. ನಾ ಹೋಳಿಗಿ ಮಾಡಿದ್ರೂ ನಿಮ್ಮ ಹೆಸರ, ಪಲ್ಯಾ ಮಾಡಿದ್ರೂ ನಿಮ್ಮ ಹೆಸರ. ಕೇಳಿ ಕೇಳಿ ನನ್ನ ಹೊಟ್ಟಿ ಉರದು ಬೂದಿ ಆಗಿತ್ತು. ಚಳಿಗಾಲದಾಗ ದಿನಾ ಮಧ್ಯಾಹ್ನ ಬಾಗಲಾ ಹಾಕ್ಕೊಂಡು ಕಲ್ತೇನ್ರಿ. ಎಷ್ಟ ಕಣಕಾ ಎಮ್ಮಿಗಿ ಹಾಕೀನಿ ಅಂದ್ರ, ಎಮ್ಮಿ ಸೈತ ಬ್ಯಾಸತ್ತಿತ್ತು." ಬಾಯಿಗೆ ಸೆರಗು ಹಿಡಿದು ನಕ್ಕಳು. "ನೀವು ಬಂದಾಗ ನಿಮ್ಮನ್ನ ಎರಡನೇ ಸಲಾ ಕರೀಲಿಲ್ಲ, ಬೇಕಂತನ. ಅದಕ್ಕ ದೇವರು ಕೈ ಕಟ್ಟಿದಾ."

ನಿರ್ಮಲಾ ತಿಕ್ಕುವುದನ್ನು ನಿಲ್ಲಿಸಿದಳು. ಹೊಟ್ಟೆಕಿಚ್ಚನ್ನು ಹೀಗೆ ನಗುತ್ತ ಅಂಗೈಯಲ್ಲಿಟ್ಟು ತೋರಿಸಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ. ದೇವರಲ್ಲ, ನಾನು ಎನ್ನಬೇಕೆಂದವಳು ಬೋಗುಣಿಯನ್ನು ಮತ್ತೆ ತಿಕ್ಕತೊಡಗಿದಳು. ಅಷ್ಟು ಹಗುರಾಗಿ ಹೇಳಿಬಿಟ್ಟ ಹುಡುಗಿಯ ಮೇಲೆ ಅವಳಿಗೆ ಇನ್ನೊಂದು ಸಲ ಹೊಟ್ಟೆಕಿಚ್ಚಾಯಿತು.

ಮರುದಿನ ಬೆಳಗ್ಗೆ ಹೊಸ ಕಣಕ, ಹೊಸ ಅರಿವೆ. ವಿಜಯಲಕ್ಷ್ಮೀ ಕೌದಿ ಹಾಸಿ, "ಅಕ್ಕಾರ, ಇವತ್ತ ನೀವ ಕುಂದರಬೇಕು," ಎಂದಳು. ನಿರ್ಮಲಾ ಬೇಡವೆಂದಳು. ಈ ಸಲ ಎರಡನೆಯ ಕರೆ ಬಂತು, ಮೂರನೆಯದೂ ಬಂತು.

"ನೀನ ಕುಂದರು," ಎಂದಳು ನಿರ್ಮಲಾ. ಸುತ್ತ ನೋಡಿ ದನಿ ತಗ್ಗಿಸಿದಳು. "ನಿನ್ನಿ ದೇವರು ಕೈ ಕಟ್ಟಿಲ್ಲ. ಅರಿವಿ ಒಣಗೂದು ನೋಡಿಕೋತನ ಕುಂತಿದ್ದೆ ನಾನು. ನೀರು ಹಾಕಲಿಲ್ಲ."

ರಾತ್ರಿಯೆಲ್ಲ ಹೊರಳಾಡಿ ಜೋಡಿಸಿಕೊಂಡ ಮಾತು. ವಿಜಯಲಕ್ಷ್ಮೀ ಬೆಚ್ಚಬಹುದು, ಅಳಬಹುದು, ಜಗಳಾಡಬಹುದು ಎಂದುಕೊಂಡಿದ್ದಳು.

"ಗೊತ್ತೈತ್ರಿ ಅಕ್ಕಾರ," ಎಂದಳು ಅವಳು, ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತ. "ನಿನ್ನಿ ರಾತ್ರಿ ಊಟಾ ಆದ ಮ್ಯಾಲ ಅತ್ತಿ ಹೇಳಿದ್ರು. ಆಕಿ ಸಣ್ಣಾಕಿದ್ದಾಗಿಂದ ಹಂಗ, ಮನಸಿಗಿ ಹಚ್ಚಿಕೋಬ್ಯಾಡ ಅಂದ್ರು."

ಅವ್ವ ಹೇಳಿದ್ದಳು. ಮಗಳನ್ನು ಬೈಯದೆ, ಒಂದು ಮಾತೂ ಕೇಳದೆ, ಮಗಳ ಸಣ್ಣತನವನ್ನು ಸೊಸೆಯ ಮುಂದೆ ಬಿಚ್ಚಿಟ್ಟಿದ್ದಳು. ಮನೆಯ ಗುಟ್ಟನ್ನು ಮನೆಯವರಿಗೆ ಹೇಳುತ್ತಾರೆ. ಬಂದ ನೆಂಟರಿಗೆ ಹೇಳುವುದಿಲ್ಲ. ಈಗ ಮನೆಯವಳು ಸೊಸೆ, ನೆಂಟಳು ತಾನು. ಮಣೆ ಹೋದದ್ದಕ್ಕಿಂತ ಇದು ಜೋರಾಗಿ ಉರಿಯಿತು.

ಶಂಕ್ರೆವ್ವ ತಂಬಿಗೆಯ ತುಂಬ ನೀರು ತಂದು ಮಗಳ ಮುಂದೆ ಕುಕ್ಕಿದಳು. ಒಂದು ಗಳಿಗೆ ಅಂಗೈಯನ್ನು ಮಗಳ ತಲೆಯ ಮೇಲಿಟ್ಟು, ತೆಗೆದು, ಒಲೆಯ ಕಡೆ ಹೋದಳು.

ಮಣೆಯ ಮೇಲಿಂದ ಎಳೆ ಇಳಿಯತೊಡಗಿತು, ನಿನ್ನೆಗಿಂತ ಸಣ್ಣ, ನಿನ್ನೆಗಿಂತ ಉದ್ದ. ಚಂದ್ರಾಬಾಯಿ ಹಾಡಿ ಹೊಗಳಿದಳು. ಶ್ರೀಮಂತ ಮೊಬೈಲಿನಲ್ಲಿ ಹೆಂಡತಿಯ ಫೋಟೋ ತೆಗೆದ. ನಿರ್ಮಲಾ ಒಂದೊಂದು ಹೊಗಳಿಕೆಗೂ ಒಂದೊಂದು ಬೊಗಸೆ ನೀರು ಚಿಮುಕಿಸಿದಳು. ಮಧ್ಯಾಹ್ನದ ಹೊತ್ತಿಗೆ ತಂಬಿಗೆ ಮೂರು ಸಲ ಖಾಲಿಯಾಯಿತು. ಅವಳ ಹೊಟ್ಟೆಯ ಉರಿ ಆರಲಿಲ್ಲ. ಅರಿವೆ ಮಾತ್ರ ಒಣಗಲಿಲ್ಲ.