ಮೂಗು ನೋಡಿ ಬಾಗಿಲು ತೆರೆಯುವ ಯಂತ್ರ

ನನ್ನ ಸೊಸೆಗೆ ಸಿಟ್ಟು ಬಂದರೆ ಮನೆಯ ಗಡಿಯಾರ ಕೂಡ ಟಿಕ್ ಎನ್ನಲು ಹೆದರುತ್ತದೆ. ಆ ಸಂಜೆ ಕೆಲಸದಿಂದ ಬಂದವಳು ಒಂದು ಚಪ್ಪಲಿಯನ್ನು ಬಾಗಿಲಲ್ಲೂ ಇನ್ನೊಂದನ್ನು ನಡುಮನೆಯಲ್ಲೂ ಬಿಟ್ಟು, ನಾನು ಸೊಪ್ಪು ಬಿಡಿಸುತ್ತಿದ್ದ ಮೇಜಿನ ಮೇಲೇ ಲ್ಯಾಪ್‌ಟಾಪ್ ತೆರೆದು ಕುಳಿತಳು.

“ಯಾರನ್ನ ಹೊಡ್ದು ಬಂದ್ಯೇ?”

“ಇನ್ನೂ ಹೊಡ್ದಿಲ್ಲ ಅತ್ತೆ.”

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಮಾಡುವ ಕಂಪನಿಯಲ್ಲಿ ಬೇರೆಯವರ ತಪ್ಪು ಹುಡುಕುವುದೇ ಅವಳ ಕೆಲಸ. ಅದಕ್ಕೂ ಸಂಬಳ ಕೊಡುತ್ತಾರೆಂದು ಗೊತ್ತಿದ್ದರೆ ಮದುವೆಯಾದ ಮರುದಿನವೇ ನಾನು ಅರ್ಜಿ ಹಾಕಿರುತ್ತಿದ್ದೆ. ಮಗ ಲಾರಿಯಿಂದ ಬಿದ್ದು ಸೊಂಟ ಮುರಿದುಕೊಂಡು ಒಳಕೋಣೆಯಲ್ಲಿ ಮಲಗಿದ ಮೇಲೆ ನಮ್ಮ ಮೂವರ ಹೊಟ್ಟೆಗೂ ಅವಳ ಸಂಬಳವೇ ಗತಿ. ಅವನು ಆಸ್ಪತ್ರೆಯಲ್ಲಿದ್ದಾಗ ಹನಿಹನಿಯಾಗಿ ಔಷಧಿ ಬಿಡುತ್ತಿದ್ದ ಯಂತ್ರ ಓಡುತ್ತಿದ್ದದ್ದೂ ಇವರ ಕಂಪನಿಯ ಸಿಸ್ಟಮ್ಮಿನಲ್ಲೇ.

“ಏನಾಯ್ತು, ನಂಗೆ ತಿಳಿಯೋ ಹಾಗೆ ಹೇಳು” ಎಂದೆ.

“ಕಂಪನಿಯಿಂದ ಯಂತ್ರಕ್ಕೆ ಹೊಸ ಅಪ್‌ಡೇಟ್ ಹೋಗತ್ತಲ್ಲ, ಜೊತೇಲಿ ಒಂದು ಸರ್ಟಿಫಿಕೇಟ್ ಹೋಗತ್ತೆ, ಇದು ನಾವೇ ಕಳಿಸಿದ್ದು ಅಂತ. ಯಂತ್ರ ಅದನ್ನ ಪೂರ್ತಿ ಪರೀಕ್ಷೆ ಮಾಡಿ ಒಳಗೆ ಬಿಡ್ಬೇಕು. ಆದ್ರೆ ನಮ್ಮ ಮ್ಯಾನೇಜರ್ ಏನು ಮಾಡಿದಾರೆ ಗೊತ್ತಾ? ಮೊದಲ ಸಲ ಪೂರ್ತಿ ನೋಡು, ನೆನಪಿಟ್ಕೋ, ಆಮೇಲೆ ಒಂದು ಭಾಗ ಹೊಂದಿದ್ರೆ ಸಾಕು ಅಂತ ಬರೆದಿದಾರೆ. ಯಂತ್ರ ಬೇಗ ಶುರುವಾಗ್ಲಿ ಅಂತ. ಆಸ್ಪತ್ರೆಗಳಲ್ಲಿ ಈಗ ಓಡ್ತಿರೋ ಸಿಸ್ಟಮ್ಮಲ್ಲೂ ಇದೇ ಇದೆ. ಯಾರಾದ್ರೂ ಆ ಭಾಗ ಮಾತ್ರ ಹೊಂದಿಸಿ ನಕಲಿ ಸರ್ಟಿಫಿಕೇಟ್ ಮಾಡಿದ್ರೆ ಮುಗೀತು.”

“ಅಂದ್ರೆ ಮುಖ ಬಿಟ್ಟು ಬರೀ ಮೂಗು ನೋಡಿ ಬಾಗಿಲು ತೆಗ್ಯತ್ತಾ?”

“ಹೂಂ, ಮೂಗು ಮಾತ್ರ.”

“ಅಯ್ಯೋ, ನಿನ್ನ ಮಾವನ ಮೂಗು ಅವರ ಮನೆತನಕ್ಕೆಲ್ಲ ಒಂದೇ! ನಾನು ಹಾಗೆ ಬಾಗಿಲು ತೆಗೆದಿದ್ರೆ ಐದು ಜನ ಮೈದುನಂದಿರೂ ಗಂಡ ಅಂತ ಒಳಗೆ ಬಂದು ಊಟಕ್ಕೆ ಕೂರ್ತಿದ್ರು.”

ಒಳಕೋಣೆಯಿಂದ ಮಗ ನಕ್ಕು, ನೋವಿಗೆ “ಅಮ್ಮಾ!” ಎಂದು ಕೂಗಿದ. ಸೊಸೆ ಮಾತ್ರ ನಗಲಿಲ್ಲ. “ಆಸ್ಪತ್ರೆಯ ಆ ಔಷಧಿ ಯಂತ್ರಕ್ಕೆ ಯಾರೋ ಹೊರಗಿನವನು ಔಷಧಿಯ ಲೆಕ್ಕ ಬದಲಾಯಿಸು ಅಂದ್ರೂ ಬದಲಾಯಿಸತ್ತೆ ಅತ್ತೆ. ಇವತ್ತು ಹೇಳಿದ್ದಕ್ಕೆ ಮ್ಯಾನೇಜರ್ ಬಾಯಿ ಮುಚ್ಕೊಂಡಿರು ಅಂದ್ರು.”

ಅಷ್ಟರಲ್ಲಿ ಕರೆಗಂಟೆ ಬಡಿಯಿತು. ಬಂದವನು ಆ ಮ್ಯಾನೇಜರನೇ. ಉಸಿರಾಡಲೂ ಪುರುಸೊತ್ತಿಲ್ಲದ ಆಳು, ಅದಕ್ಕೇ ನಾನು ಅವನಿಗೆ ಆತುರಪ್ಪ ಎಂದು ಹೆಸರಿಟ್ಟಿದ್ದೆ. ಬಗಲಲ್ಲಿ ಲ್ಯಾಪ್‌ಟಾಪ್, ಹಣೆಯಲ್ಲಿ ಬಾವಿ ತುಂಬುವಷ್ಟು ಬೆವರು.

“ನೋಡಮ್ಮಾ, ಬರೋ ವಾರ ಹೊಸ ಸಿಸ್ಟಮ್ ಬಿಡುಗಡೆ” ಎಂದ ಸೊಸೆಗೆ. “ಈಗ ತಪ್ಪಿದೆ ಅಂದ್ರೆ ಎಲ್ಲಾ ನಿಂತು ಹೋಗತ್ತೆ. ನೀನು ಹೇಳ್ತಿರೋದು ಪುಸ್ತಕದ ಮಾತು. ಅಂಥ ನಕಲಿ ಯಾರ ಕೈಲೂ ಮಾಡೋಕಾಗಲ್ಲ.”

“ಸರ್, ನಿಮ್ಮ ಲ್ಯಾಪ್‌ಟಾಪಲ್ಲೂ ನಮ್ಮ ಸಿಸ್ಟಮ್ಮೇ ಅಲ್ವಾ, ಕೊಡ್ತೀರಾ? ನೀವು ಹೂಂ ಅಂದ್ರೆ ಮಾತ್ರ.”

“ಹೂಂ, ಕೊಟ್ಟೆ. ಏನ್ ಮಾಡ್ತೀಯ?”

ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ಏನೋ ಕುಟ್ಟಿದಳು. ಆಮೇಲೆ ಮೊಬೈಲ್ ಎತ್ತಿ ನನ್ನತ್ತ ತಿರುಗಿಸಿ, “ಅತ್ತೆ, ನಗಿ” ಎಂದಳು. ಬಾಯಲ್ಲಿ ಹಲ್ಲಿಲ್ಲದಿದ್ದರೂ ಕಿವಿಯಿಂದ ಕಿವಿಯವರೆಗೆ ನಕ್ಕೆ. “ಇದಕ್ಕೆ ನಕಲಿ ಸರ್ಟಿಫಿಕೇಟ್ ಅಂಟಿಸಿ ನಿಮಗೆ ಕಳಿಸ್ತಿದೀನಿ ಸರ್” ಎಂದಳು. ಆತುರಪ್ಪ ಎರಡು ಸಲ ಗಡಿಯಾರ ನೋಡಿದ. ಅಷ್ಟರಲ್ಲಿ ಅವನ ಪರದೆಯ ಮೇಲೆ ಹಸಿರು ಗುರುತು ಮೂಡಿತು. ಸೊಸೆ ಓದಿ ಹೇಳಿದಳು: “ಕಂಪನಿಯ ಅಧಿಕೃತ ಅಪ್‌ಡೇಟ್. ಪರಿಶೀಲಿಸಲಾಗಿದೆ. ನಂಬಬಹುದು.” ಆ ಗುರುತು ಹೋಗಿ, ನನ್ನ ಬೊಚ್ಚು ಬಾಯಿ ಪರದೆಯ ತುಂಬ ತೆರೆದುಕೊಂಡಿತು. ಅಷ್ಟು ದೊಡ್ಡ ಬಾಯಿ, ಬಸ್ಸೇ ಒಳಗೆ ಹೋಗಬಹುದಿತ್ತು.

“ಅಯ್ಯಪ್ಪಾ, ನಾನು ನಿಮ್ಮ ಕಂಪನಿ ಸೇರ್ಕೊಂಡ್ನಾ? ಸಂಬಳ ಎಷ್ಟು?” ಎಂದೆ.

ಒಂದು ಗಳಿಗೆ ಆತುರಪ್ಪನಿಗೆ ಆತುರವೇ ಮರೆತುಹೋಯಿತು. ಆಮೇಲೆ ಮೆಲ್ಲಗೆ ಹೇಳಿದ: “ಸರಿ, ತಪ್ಪಿದೆ. ಅದು ನಿನಗೆ ಗೊತ್ತು, ನನಗೆ ಗೊತ್ತು, ಅಷ್ಟೇ. ಬಿಡುಗಡೆ ಆಗ್ಲಿ, ಮುಂದಿನ ತಿಂಗಳು ಸದ್ದಿಲ್ಲದೆ ಸರಿ ಮಾಡೋಣ. ಹೊರಗೆ ಬಾಯಿ ಬಿಟ್ರೆ ನಾಳೆಯಿಂದ ನೀನು ಕೆಲಸಕ್ಕೆ ಬರೋದು ಬೇಡ.”

ಸೊಸೆ ಒಳಕೋಣೆಯ ಕಡೆ ನೋಡಿದಳು. ಸುಳ್ಳು ಯಾಕೆ ಹೇಳಲಿ, ನನಗೆ ಅಕ್ಕಿ ಡಬ್ಬ ಕಣ್ಣ ಮುಂದೆ ಬಂತು.

“ನನ್ನ ಯಾಕೆ ನೋಡ್ತೀಯಾ?” ಎಂದ ಮಗ ಒಳಗಿನಿಂದ. “ಆಸ್ಪತ್ರೆಯ ಆ ಹಾಸಿಗೇಲಿ ಇವತ್ತು ಇನ್ಯಾರೋ ಮಲಗಿದಾರೆ.”

ಅವಳು ಫೋನ್ ಎತ್ತಿದಳು. ಆತುರಪ್ಪನ ಎದುರಿಗೇ, ಮಗ ಮಲಗಿದ್ದ ಆಸ್ಪತ್ರೆಯ ಯಂತ್ರ ನೋಡಿಕೊಳ್ಳುವವರಿಗೆ ಹಚ್ಚಿದಳು. “ನಮಸ್ಕಾರ. ನಮ್ಮ ಕಂಪನಿ ಹೆಸರಲ್ಲಿ ಯಾವ ಅಪ್‌ಡೇಟ್ ಬಂದ್ರೂ ತಗೋಬೇಡಿ. ಔಷಧಿ ಯಂತ್ರಗಳ ನೆಟ್‌ವರ್ಕ್ ಕೇಬಲ್ ಕಿತ್ತಿಡಿ. ನಾವು ಸರಿಪಡಿಸೋವರೆಗೂ ಔಷಧಿಯ ಪ್ರಮಾಣ ಕೈಯಲ್ಲೇ ಹೊಂದಿಸಿ. ಹೌದು, ತಪ್ಪು ನಮ್ಮದೇ.”

ಆತುರಪ್ಪ ಕುರ್ಚಿ ಬೀಳುವಂತೆ ಎದ್ದ. “ಇವತ್ತಿಗೆ ನೀನು ಮುಗಿದೆ!”

“ಮುಗಿಯೋಕೆ ಅವಳು ಸೋಪೇನಪ್ಪಾ?” ಎಂದೆ. “ಕುರ್ಚಿ ಎತ್ತಿಟ್ಟು ಹೋಗು.”

ಎತ್ತಿಟ್ಟ, ಪಾಪ. ಲ್ಯಾಪ್‌ಟಾಪ್ ಮಡಚಲು ಹೋದವನು ನಿಂತ. “ಈ ಅಜ್ಜಿ ಮುಖ ತೆಗಿ.”

“ತೆಗೆಯೋಕೆ ನಿಮಗೇ ಬರತ್ತೆ ಸರ್. ನಾಳೆ ಇನ್ಯಾರದೋ ಮುಖ ಬರದೇ ಇರೋ ಹಾಗೆ ಮಾಡೋದು ಕಷ್ಟ. ಅದನ್ನ ಇವತ್ತೇ ಶುರು ಮಾಡಿ.”

ಅವನು ನನ್ನ ನಗುವನ್ನು ಬಗಲಲ್ಲಿ ಅಮುಕಿಕೊಂಡು ಮೆಟ್ಟಿಲಿಳಿದ. ಅವಳು ಮುಂದಿನ ಆಸ್ಪತ್ರೆಗೆ ಫೋನ್ ಹಚ್ಚಿದಳು. ಆಮೇಲೆ ಅದರ ಮುಂದಿನದಕ್ಕೆ. ನಡುವೆ ಗಂಟಲು ಒಣಗಿದಾಗ ನೀರು ಕೊಟ್ಟೆ.

ಬಿಡುಗಡೆ ನಿಂತಿತು. ಆ ವಾರವೇ ಕಂಪನಿ ಸರಿಪಡಿಸಿದ ಅಪ್‌ಡೇಟ್ ಕಳಿಸಿತು, ತಪ್ಪನ್ನು ತಾನೇ ಹಿಡಿದ ಹಾಗೆ ಜಂಬವನ್ನೂ ಕೊಚ್ಚಿಕೊಂಡಿತು. ಸೊಸೆಗೆ ಕೆಲಸದಿಂದ ತೆಗೆದ ಸಂದೇಶ ಬಂತು. ಓದಿ, ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟು, ನನ್ನ ಪಕ್ಕ ಕೂತು ಸೊಪ್ಪು ಬಿಡಿಸತೊಡಗಿದಳು.

“ನಾಳೆ ಬೇರೆ ಕಡೆ ಕೆಲಸ ಕೇಳೋಕೆ ಹೋಗ್ತೀನಿ ಅತ್ತೆ. ಹಿಂದಿನ ಕೆಲಸ ಯಾಕೆ ಬಿಟ್ರಿ ಅಂತ ಕೇಳಿದ್ರೆ?”

“ಇದ್ದದ್ದು ಇದ್ದ ಹಾಗೆ ಹೇಳು. ಕೇಳಿ ಹೆದರಿದ್ರೆ, ಆ ಕಂಪನಿ ನಮಗೆ ಬೇಡ.”

“ಎಲ್ಲರೂ ಹೆದರಿದ್ರೆ?”

“ಎಲ್ಲರನ್ನೂ ಹೆದರಿಸಿ ಬಾ” ಎಂದೆ. “ಕಾಂಡ ದಪ್ಪ ಇದೆ ನೋಡು, ಮುರಿದು ಬಿಸಾಕು.”