ದೊರೆಯ ಹಲ್ಲುನೋವು

ಮೂರನೇ ಸಾಲಿನ ಆ ಬಿಳಿ ಅಂಗಿಯವನು ಈಗಲೇ ಯಾಕೆ ನಗುತ್ತಿದ್ದಾನೆ, ನಗಿಸುವ ಮಾತು ಇನ್ನೂ ಜಿಯೋನೆಯ ನಾಲಿಗೆಯ ಮೇಲೇ ಇದೆಯಲ್ಲ — ಮುದುಕಿಯ ವೇಷದ ಒಳಗೆ ಬೆವರು ಇಳಿಯುತ್ತಿದೆ, ಜೊಂಬಾ ಪಟ್ಟಣದ ಮಧ್ಯಾಹ್ನದ ಬಿಸಿಲಿಗೆ ಸಭಾಂಗಣದ ತಗಡಿನ ಸೂರು ಕಾದು ಸಿಡಿಯುತ್ತಿದೆ, ಮಂಡಿಯೂರಿ ಕೂತ ಇವಳ ಮುಂದೆ ದೊರೆಯ ಪಾತ್ರದ ವಡಾಬ್ವಾ ಕೆನ್ನೆ ಹಿಡಿದು ನರಳುತ್ತಿದ್ದಾನೆ, ಜನ ಕಾಯುತ್ತಿದ್ದಾರೆ. ಆ ಬಿಳಿ ಅಂಗಿಯವನು ಸೆನ್ಸಾರ್ ಮಂಡಳಿಯವನು, ನಾಟಕ ಓದಿ ಮುದ್ರೆ ಒತ್ತಿದವನು, ಹಲ್ಲುನೋವಿನ ಕಥೆ ತಾನೆ, ಮಕ್ಕಳನ್ನೂ ಕರ್ಕೊಂಡ್ ಬರ್ಬಹುದು ಅಂದಿದ್ದನಂತೆ, ಅವನು ಓದಿದ ಪ್ರತಿಯಲ್ಲಿ ಮುದುಕಿ ಲವಂಗ ಕೊಟ್ಟು ಹೊರಟುಹೋಗುತ್ತಾಳೆ, ಹಲ್ಲು ಕೊಳೆತಿದೆ ದೊರೆ, ಕೀಳ್ಲೇಬೇಕು ಅನ್ನುವ ಮಾತು ಯಾವ ಪ್ರತಿಯಲ್ಲೂ ಇಲ್ಲ, ಅದು ಗೊತ್ತಿದ್ದದ್ದು ಮೂವರಿಗೆ, ನಾಟಕ ಬರೆದ ಲಿಂಬಾನಿಗೆ, ಆಡಬೇಕಾದ ಇವಳಿಗೆ, ಕೇಳಿಸಿಕೊಳ್ಳುವ ವಡಾಬ್ವಾನಿಗೆ — ಹಾಗಾದರೆ ಮುಂಚೆಯೇ ಹೇಳಿಕೊಟ್ಟವನು ವಡಾಬ್ವಾನೇ, ಅವನ ಅಣ್ಣ ಪಕ್ಷದ ಆಫೀಸಿನಲ್ಲಿ ಇದ್ದಾನಲ್ಲ, ನಿನ್ನೆ ಇವನೇ ಎನ್ಸಿಮಾ ಮುದ್ದೆ ತಿನ್ನುತ್ತ ಕಣ್ಣು ತಪ್ಪಿಸಿ, ಅಕ್ಕಾ ಆ ಮಾತು ಬೇಕೇಬೇಕಾ, ಬಿಟ್ಬಿಡೇ ಅಂದಿದ್ದ, ಯಾಕೋ, ಹೆದ್ರಿಕೇನಾ ಅಂತ ಇವಳು ಹಂಗಿಸಿದ್ದಳು, ಹೌದಕ್ಕಾ, ನಾಸಿಬೆಕೊಗೆ ಆದದ್ದು ಮರ್ತೆಯಾ ಅಂದಿದ್ದ, ಮರೆಯುವುದಾದರೂ ಹೇಗೆ, ಹೋದ ವರ್ಷ ಇದೇ ವೇದಿಕೆ, ಒಣಗಿದ ಮರವನ್ನು ಕಡಿಯಬೇಕು ಅಂದಳು ನಾಸಿಬೆಕೊ, ಬಣ್ಣ ಒರೆಸಿಕೊಳ್ಳುವ ಮೊದಲೇ ಜೀಪು ಬಂತು, ಇವತ್ತಿನವರೆಗೂ ಸುದ್ದಿಯಿಲ್ಲ, ಅವಳ ತಾಯಿ ಸಂತೆಯಲ್ಲಿ ಒಣಮೀನು ಮಾರುತ್ತ ಯಾರನ್ನೂ ಏನೂ ಕೇಳುವುದಿಲ್ಲ — ಏನಜ್ಜಿ, ನಿನ್ನ ಮದ್ದೆಲ್ಲಿ, ವಡಾಬ್ವಾ ಎರಡನೇ ಸಲ ಕೇಳುತ್ತಿದ್ದಾನೆ, ಅವನ ಕಣ್ಣು ಬೇಡ ಅನ್ನುತ್ತಿದೆಯೋ, ಬೇಗ ಬಲೆಗೆ ಬೀಳು ಅನ್ನುತ್ತಿದೆಯೋ, ಬಿಳಿ ಅಂಗಿಯವನು ಕುರ್ಚಿಯ ತುದಿಗೆ ಸರಿದಿದ್ದಾನೆ, ಬಾಗಿಲಲ್ಲಿ ಇನ್ನಿಬ್ಬರು ಎದ್ದು ನಿಂತಿದ್ದಾರೆ, ಆಡಲಾರಳು, ಆಡದೆ ಇರಲೂ ಆರಳು, ಬಾಯಿ ತಾನಾಗಿ ತೆರೆಯುತ್ತದೆ, ನಿಮ್ಮ ಹಲ್ಲು ಮಲ್ಲಿಗೆ ಮೊಗ್ಗು ದೊರೆ, ನಾರ್ತಿರೋದು ನಮ್ಮ ಮೂಗು, ನಮ್ಮ ಮೂಗೇ ಕೊಯ್ಸಿಬಿಡಿ. ಹಿಂದಿನ ಬೆಂಚಿನ ಹೆಂಗಸೊಬ್ಬಳು ಮೂಗು ಮುಚ್ಚಿಕೊಂಡಳು, ಪಕ್ಕದವನೂ, ಅವನ ಪಕ್ಕದವನೂ, ಸಾಲು ಸಾಲಾಗಿ ಮೂಗು ಮುಚ್ಚಿಕೊಂಡು ಜನ ಬಿದ್ದು ಬಿದ್ದು ನಗುತ್ತಿದ್ದಾರೆ, ವಡಾಬ್ವಾ ಬಗ್ಗಿ, ನೀ ಬದುಕ್ಕೊಂಡೆ ಅಕ್ಕಾ ಅಂತ ಪಿಸುಗುಡುತ್ತಿದ್ದಾನೆ, ಅವನ ಕಣ್ಣಲ್ಲಿ ನೀರು, ಬಿಳಿ ಅಂಗಿಯವನ ನಗು ಮಾತ್ರ ನಿಂತುಹೋಗಿದೆ, ಅವನು ಇವಳನ್ನು ನೋಡುತ್ತಿಲ್ಲ, ವಡಾಬ್ವಾನನ್ನೂ ನೋಡುತ್ತಿಲ್ಲ, ಹುಬ್ಬು ಗಂಟಿಕ್ಕಿ ವೇದಿಕೆಯ ಪಕ್ಕದ ಪರದೆಯ ಕಡೆ ನೋಡುತ್ತಿದ್ದಾನೆ, ಇದೇನಯ್ಯಾ ನೀನು ಹೇಳಿದ್ದು ಅನ್ನುವ ಹಾಗೆ — ಅಲ್ಲಿ ಲಿಂಬಾನಿ, ನಾಸಿಬೆಕೊ ಆಡಿದ ಮರದ ಮಾತನ್ನೂ ಬರೆದಿದ್ದ ಲಿಂಬಾನಿ, ಬಿಳಿ ಅಂಗಿಯವನಿಗೆ ಎರಡೂ ಅಂಗೈ ತೆರೆದು ತೋರಿಸುತ್ತಿದ್ದಾನೆ, ನನಗೆ ಗೊತ್ತಿಲ್ಲ ಸ್ವಾಮಿ, ನನಗೆ ಗೊತ್ತಿಲ್ಲ ಅನ್ನುವಂತೆ, ಇವಳ ಮುಂದಿನ ಮಾತು ಯಾವುದು, ಮುದುಕಿ ಈಗ ಏಳಬೇಕೋ, ಕೂರಬೇಕೋ, ಆ ಅಂಗೈಗಳು, ಪರದೆಯ ಅಂಚಿನಲ್ಲಿ, ಖಾಲಿ, ತೆರೆದ ಅಂಗೈಗಳು