ಕೇಳದೇ ಬೈದ ಹನ್ನೊಂದನೇ ಹಾಡು

ನಿಪ್ಪಾಣಿಯ ಪಾರಿಸನ ಕೊರಳಿನ ಸರ ಬಿಚ್ಚಿ ಇಳಿಬಿಟ್ಟರೆ ಎಂಥ ಆಳದ ಬಾವಿಯಿಂದಲೂ ನೀರು ಸೇದಬಹುದಿತ್ತು. ರ‍್ಯಾಪ್ ಹಾಡಿ ದೊಡ್ಡವನಾಗಿ ಸ್ಟುಡಿಯೋ, ಬಟ್ಟೆ ಅಂಗಡಿ, ಜಿಮ್ಮು ಎಲ್ಲ ಮಾಡಿಕೊಂಡವನು. ಈ ಸಲ ಇಪ್ಪತ್ತು ಹಾಡಿನ ಆಲ್ಬಮ್ ತಂದ. ಜೊತೆಗೆ ಹಾಡಲು ಕರೆದವರು ಮೂವತ್ತೊಂದು ಮಂದಿ. ರಾಯಬಾಗದಿಂದ ಕಾಗವಾಡದ ತನಕ ಬಾಯಿ ಇದ್ದವರನ್ನೆಲ್ಲ ಕರೆದಿದ್ದ. ಎಮ್ಮೆಗಳನ್ನೂ ಕೇಳಿದ್ದನಂತೆ, ಅವಕ್ಕೆ ಪುರಸೊತ್ತಿರಲಿಲ್ಲ.

ಹಾಡು ಹೇಗಿದೆಯೆಂದು ಈ ಕಡೆ ತೀರ್ಪು ಕೊಡುವವಳು ಚಿಕ್ಕೋಡಿಯ ಸ್ನೇಹಲ. ಯೂಟ್ಯೂಬಿನಲ್ಲಿ ಅವಳು ಒಮ್ಮೆ ಮೂಗು ಮುರಿದರೆ ಆ ಹಾಡನ್ನು ಕಬ್ಬಿನ ಟ್ರ್ಯಾಕ್ಟರಿನವರೂ ಹಾಕುತ್ತಿರಲಿಲ್ಲ.

ಸ್ನೇಹಲ ಏಳು ಹಾಡು ಕೇಳಿದಳು. ತಲೆ ಗಿರ್ರೆಂದಿತು. ಎಲ್ಲರಿಗಿಂತ ಮೊದಲು ತಾನೇ ಹೇಳಬೇಕೆಂಬ ಅವಸರ ಬೇರೆ. ಉಳಿದ ಹದಿಮೂರರ ಹೆಸರಷ್ಟೇ ಓದಿಕೊಂಡು ಕ್ಯಾಮೆರಾ ಮುಂದೆ ಕೂತಳು.

"ಇದು ಆಲ್ಬಮ್ ಅಲ್ರಿ, ಸಂತಿ ದಿನದ ಬಸ್. ಹತ್ತಿದವ್ರೆಲ್ಲಾ ಒದರಾಕತ್ತಾರ, ಡ್ರೈವರ್ ಎಲ್ಲಿ ಅದಾನಂತ ಹುಡುಕಬೇಕು. ಹನ್ನೊಂದನೇ ಹಾಡಿಗೆ 'ದನಿ: ಒಬ್ಬ ಅಜ್ಜಿ' ಅಂತ ಬರದಾರ. ತುಕ್ಕ ಹಿಡದ ಗೇಟಿಗೂ ಮೈಕ್ ಕೊಟ್ಟಾರ ನೋಡ್ರಿ!"

ಜನ ಬಿದ್ದು ಬಿದ್ದು ನಕ್ಕರು. ಅಥಣಿಯಲ್ಲಿ ನಕ್ಕವನ ಹಲ್ಲಿನ ಸೆಟ್ಟು ತೆಲಸಂಗದಲ್ಲಿ ಸಿಕ್ಕಿತಂತೆ.

ಎರಡು ದಿನ ಬಿಟ್ಟು ಕೊಲ್ಲಾಪುರದವನೊಬ್ಬ, ಬೆಳಗಾವಿಯವನೊಬ್ಬ ಆಲ್ಬಮ್ ಬಗ್ಗೆ ಮಾತಾಡಿದರು. ಅವರೂ ಮನಸಾರೆ ಬೈದರು. ಆದರೆ ಹನ್ನೊಂದನೇ ಹಾಡು ಬಂದಾಗ ಇಬ್ಬರೂ ಕೈ ಮುಗಿದರು. ಸ್ನೇಹಲ ಎರಡೂ ವಿಡಿಯೋ ನೋಡಿದಳು. ಆಗಲೂ ಅವಳು ಹಾಡು ಹಚ್ಚಲಿಲ್ಲ. ಹೆದರಿಕೆ.

ಮೂರನೆಯ ದಿನ ಮುಂಜಾನೆ ಅವಳಿಗೆ ಇನ್ನೊಂದು ಲಕ್ಷ್ಯಕ್ಕೆ ಬಂತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವಿತ್ತು, ಹಾಡಿರಲಿಲ್ಲ. ಅವಳನ್ನು ಸಾಕಿ ಬೆಳೆಸಿದ ಸೋದರತ್ತೆ ಅಕ್ಕುತಾಯಿ ಹಾಡದಿದ್ದರೆ ಆ ಮನೆಯಲ್ಲಿ ರೊಟ್ಟಿಯೇ ಉಬ್ಬುತ್ತಿರಲಿಲ್ಲ. ಒಳಗೆ ಹೋಗಿ ನೋಡಿದರೆ ಅತ್ತೆ ಉಪ್ಪುನೀರು ಮುಕ್ಕಳಿಸುತ್ತಿದ್ದಳು.

"ಆತ್ಯಾ, ಗಂಟಲ ಕೆಟ್ಟೈತೇನು?"

"ಕೆಟ್ಟೈತಂತ ನೀನ ಊರಿಗೆಲ್ಲಾ ಸಾರೀದಿ. ತುಕ್ಕ ಹಿಡದ ಗೇಟ್ ಅಂದಿ. ಆ ಅಜ್ಜಿ ನಾನ ಬೇ."

ಅಕ್ಕುತಾಯಿ ತಂಬಿಗೆ ಕೆಳಗಿಟ್ಟಳು.

"ಪಾರಿಸನ ತಂಗಿ ಮದವ್ಯಾಗ ಎಲ್ಲಾರೂ ಎರಡ ಸಾಲಿನ ಪದದಾಗ ಗಂಡನ ಹೆಸರ ಕೂಡಿಸಿ ಒಡಪು ಹೇಳಿದ್ರು. ಗಂಡ ಸತ್ತಾಕಿಗಿ ಯಾರ ಹೇಳಂತಾರ? ನಾ ಮೂಲ್ಯಾಗ ಕುಂತಿದ್ನಿ. ಆ ಹುಡುಗ ಬಂದು, ಆಯಿ, ನೀವೂ ಒಂದ ಹೇಳ್ರಿ ಅಂದ. ಇಪ್ಪತ್ತ ವರ್ಷದಾಗ ಯಾರೂ ಕೇಳಿದ್ದಿಲ್ಲವಾ. ಮರುದಿನ ಸ್ಟುಡಿಯೋಕ್ಕ ಕರದ, ಹೋದ್ನಿ. ಹೆಸರ ಹಾಕಬ್ಯಾಡ ಅಂತ ನಾನ ಹೇಳಿದ್ನಿ. ನೀ ದನಿ ಕೇಳಿ ಗುರುತ ಹಿಡದು ಕುಣೀತಿ ಅಂದಕೊಂಡಿದ್ನಿ."

"ಆತ್ಯಾ..."

"ನೀ ಹೇಳಿದ್ದು ಖರೇನ ಬಿಡು. ಎರಡನೇ ಸಾಲಿನ್ಯಾಗ ಉಸರ ನಿಲ್ಲಲಿಲ್ಲ. ರವಿವಾರ ನಿಪ್ಪಾಣ್ಯಾಗ ಸ್ಟೇಜ್ ಮ್ಯಾಲೆ ಹೇಳಬೇಕಂತ ಕರದಿದ್ದ. ಒಲ್ಲೆ ಅಂದ್ನಿ. ಕಲತ ಹುಡುಗಿ ಕೇಳಿ ಹೇಳ್ಯಾಳ, ಸುಳ್ಳ ಹೆಂಗಾಗತೈತಿ?"

ಸ್ನೇಹಲ ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿದ್ದರೆ ಈ ಮುದುಕಿ ಸಾಯುವ ತನಕ ತನ್ನ ಗಂಟಲು ತುಕ್ಕು ಹಿಡಿದಿದೆಯೆಂದೇ ನಂಬಿ ಬಾಯಿ ಮುಚ್ಚಿಕೊಂಡಿರುತ್ತಾಳೆ.

"ನಾ ಕೇಳೇ ಇಲ್ಲ, ಆತ್ಯಾ. ಬರದದ್ದಷ್ಟ ಓದಿ ಬೈದ್ನಿ."

ಅಕ್ಕುತಾಯಿ ಆಗಷ್ಟೇ ಮತ್ತೆ ಬಾಯಿಗೆ ಹಾಕಿಕೊಂಡಿದ್ದ ಉಪ್ಪುನೀರನ್ನು ಉಗುಳುವುದು ಮರೆತು ನುಂಗಿಬಿಟ್ಟಳು.

"ಕೇಳಿ ಬೈದಿದ್ರ ಚಲೋ ಇತ್ತಲ್ಲ," ಅಂದಳು ಮೆಲ್ಲಗೆ. ಅವಳು ಒದರಿದ್ದರೆ, ಲಟ್ಟಣಿಗೆ ಎಸೆದಿದ್ದರೆ ಸ್ನೇಹಲ ತಡೆದುಕೊಳ್ಳುತ್ತಿದ್ದಳು. ಆಮೇಲೆ ಅಕ್ಕುತಾಯಿ ಹಿಟ್ಟಿನ ಕೈಯಲ್ಲೇ ಫೋನಿನ ಕಡೆ ಬೆರಳು ಮಾಡಿದಳು. "ಹಚ್ಚು."

ಡ್ರಮ್ಮು, ಪಾರಿಸನ ಅಬ್ಬರ, ಇನ್ನಾರದೋ ಅಬ್ಬರ. ತಟ್ಟನೆ ಎಲ್ಲ ನಿಂತು ಒಂದೇ ದನಿ:

"ಚಿಕ್ಕೋಡಿ ಪ್ಯಾಟ್ಯಾಗ ಮಾರಾಕ ಇಟ್ಟಾರ ಜಮಖಾನ,
ಭಾವುಸಾಹೇಬರು ನಕ್ಕರ ಅದ ನನಗ ಬಹುಮಾನ."

ಒಂದೇ ಒಂದು ಶಬ್ದ ಕೇಳಿದ್ದರೂ ಗುರುತು ಸಿಗುತ್ತಿತ್ತು. ಇದೇ ದನಿಗೆ ಅವಳು ನಿದ್ದೆ ಹೋಗಿದ್ದಳು, ಇದೇ ದನಿಗೆ ಎದ್ದಿದ್ದಳು.

"ಈಗ ಹೇಳು. ಸುಳ್ಳ ಹೊಗಳಿದ್ರ ಲಟ್ಟಣಗಿ ತಗೋತೇನಿ."

ಸ್ನೇಹಲ ಕಣ್ಣೊರೆಸಿಕೊಂಡಳು. "ಮಾಮಾನ ಹೆಸರ ಬಂದಲ್ಲಿ ಉಸರ ತುಂಡಾಗೈತಿ. ಸ್ಟೇಜ್ ಮ್ಯಾಲೂ ಅದನ್ನ ಹಂಗ ಬಿಡು. ತಿದ್ದಬ್ಯಾಡ."

"ನನಗೊಬ್ಬಾಕಿಗೇ ಯಾಕ ಹೇಳ್ತಿ? ನಕ್ಕ ಮಂದಿಗೂ ಹೇಳು."

ಅಲ್ಲೇ ಒಲೆಯ ಪಕ್ಕ ಕ್ಯಾಮೆರಾ ನಿಂತಿತು. ಕೇಳದೇ ಬೈದಿದ್ದೆ, ಉಳಿದ ಹನ್ನೆರಡನ್ನೂ ಕೇಳಿಲ್ಲ ಎಂದು ಸ್ನೇಹಲ ಹೇಳುವಾಗ ಅಕ್ಕುತಾಯಿ ಎದುರಿಗೆ ಕೈಕಟ್ಟಿ ನಿಂತಿದ್ದಳು. ವಿಡಿಯೋ ಹಾಕಿದ ಅರ್ಧ ಗಂಟೆಯಲ್ಲಿ ಅದರ ಕೆಳಗೆ ಬೈಗುಳದ ಮಳೆ ಬಿತ್ತು. ಪಾಲಬಾವಿಯವನೊಬ್ಬ ಒಂದೇ ಉಸಿರಿಗೆ ಒಂದು ಮಾರು ಬೈಗುಳ ಬರೆದಿದ್ದ. ಸ್ನೇಹಲ ಒಂದನ್ನೂ ಅಳಿಸಲಿಲ್ಲ.

"ಪಾರಿಸಗ ಫೋನ್ ಹಚ್ಚಿ ಕೊಡು. ರವಿವಾರ ಬರ್ತೇನಿ ಅಂತ ಹೇಳ್ತೇನಿ."

"ನಾನೂ ಬರ‍್ಲಿ, ಆತ್ಯಾ?"

ಅಕ್ಕುತಾಯಿ ಅವಳ ಮುಖ ನೋಡಲಿಲ್ಲ. "ಬಾ. ಮೊದಲ ಆ ಹನ್ನೆರಡೂ ಕೇಳು. ಅವನ್ನ ಹಾಡಿದವ್ರ ಮನ್ಯಾಗೂ ಯಾರರ ಉಪ್ಪನೀರ ಮುಕ್ಕಳಸಾಕತ್ತಿರತಾರ."

ಸ್ನೇಹಲ ಎಂಟನೇ ಹಾಡು ಹಚ್ಚಿದಳು. ಒಂದೇ ಕಿವಿಗೆ ಹಾಕಿಕೊಂಡಳು. ಇನ್ನೊಂದು ಕಿವಿ ಅಡುಗೆಮನೆಯ ಕಡೆಗಿತ್ತು. ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಗಿತ್ತು. ಅತ್ತೆಯ ಹಾಡು ಇನ್ನೂ ಬಂದಿರಲಿಲ್ಲ.